ಪೀಟರ್ ಹಾರ್ಡೆಮನ್ ಬರ್ನೆಟ್

ಪೀಟರ್ ಹಾರ್ಡೆಮನ್ ಬರ್ನೆಟ್ (ನವೆಂಬರ್ 15, 1807 – ಮೇ 17, 1895) ಅಮೆರಿಕ ಸಂಯುಕ್ತ ಸಂಸ್ಥಾನದ ವಕೀಲ, ನ್ಯಾಯಾಧೀಶ ಹಾಗೂ ರಾಜಕಾರಣಿ. ಪಶ್ಚಿಮ ಗಡಿಸೀಮೆಗೆ ಹೋಗಿ ನೆಲೆಸಿದ ಮೊದಲ ತಲೆಮಾರಿನ ವಲಸಿಗರಲ್ಲಿ ಒಬ್ಬ. 1843ರಲ್ಲಿ ಆರೆಗಾನ್‌ಗೆ ಹೊರಟ ದೊಡ್ಡ ವಲಸೆ ತಂಡವನ್ನು ಸಂಘಟಿಸಿದ ಈತ ಅಲ್ಲಿನ ಹಂಗಾಮಿ ಸರ್ಕಾರದ ಶಾಸಕನೂ ನ್ಯಾಯಾಧೀಶನೂ ಆದ. ಬಳಿಕ ಕ್ಯಾಲಿಫೋರ್ನಿಯಕ್ಕೆ ತೆರಳಿ 1849ರ ಡಿಸೆಂಬರಿನಿಂದ 1851ರ ಜನವರಿಯವರೆಗೆ ಅಲ್ಲಿನ ಮೊದಲ ಚುನಾಯಿತ ಗವರ್ನರ್ ಆಗಿದ್ದ. ಎರಡು ಹೊಸ ಸೀಮೆಗಳಲ್ಲಿ ಕಾನೂನು ಹಾಗೂ ಆಡಳಿತದ ಅಡಿಪಾಯ ಹಾಕಿದವರಲ್ಲಿ ಬರ್ನೆಟ್‌ನ ಹೆಸರು ಸೇರುತ್ತದೆ. ಕಪ್ಪುಜನರನ್ನು ಈ ಸೀಮೆಗಳಿಂದ ಹೊರಗಿಡಲು ಮಾಡಿದ ಪ್ರಯತ್ನಗಳಿಗಾಗಿಯೂ ಮೂಲನಿವಾಸಿಗಳ ನಾಶ ಅನಿವಾರ್ಯವೆಂದು ಸಾರಿದ 1851ರ ಸಂದೇಶಕ್ಕಾಗಿಯೂ ಈತ ತೀವ್ರ ಟೀಕೆಗೆ ಗುರಿಯಾಗಿದ್ದಾನೆ.

## ಆರಂಭಿಕ ಜೀವನ

ಬರ್ನೆಟ್ ಜನಿಸಿದ್ದು ಟೆನೆಸಿ ರಾಜ್ಯದ ನ್ಯಾಶ್‌ವಿಲ್‌ನಲ್ಲಿ. ಈತನ ಬಾಲ್ಯದಲ್ಲಿಯೇ ಕುಟುಂಬ ಮಿಸೌರಿ ಪ್ರದೇಶಕ್ಕೆ ವಲಸೆ ಹೋಯಿತು. ಶಾಲಾಶಿಕ್ಷಣ ಹೆಚ್ಚೇನೂ ದೊರೆಯಲಿಲ್ಲ. ಓದುಬರಹವನ್ನೂ ಮುಂದೆ ಕಾನೂನನ್ನೂ ಬಹುಮಟ್ಟಿಗೆ ಸ್ವಂತ ಪ್ರಯತ್ನದಿಂದಲೇ ಕಲಿತ. ಕುಟುಂಬದ ಉಪನಾಮವನ್ನು ಬರೆಯುವಾಗ ಕೊನೆಗೆ ಇನ್ನೊಂದು 'ಟಿ' ಅಕ್ಷರವನ್ನು ಸೇರಿಸಿಕೊಂಡವನೂ ಈತನೇ. 1826ರಲ್ಲಿ ಟೆನೆಸಿಗೆ ಹಿಂದಿರುಗಿ ಮೊದಲು ಹೋಟೆಲೊಂದರಲ್ಲಿ, ನಂತರ ಅಂಗಡಿಯೊಂದರಲ್ಲಿ ಗುಮಾಸ್ತನಾಗಿ ದುಡಿದ. 1828ರಲ್ಲಿ ಹ್ಯಾರಿಯೆಟ್ ರಾಜರ್ಸ್‌ಳನ್ನು ವಿವಾಹವಾದ. ದಂಪತಿಗಳಿಗೆ ಆರು ಮಂದಿ ಮಕ್ಕಳು.

ಬರ್ನೆಟ್ ಹುಟ್ಟಿ ಬೆಳೆದದ್ದು ಗುಲಾಮಗಿರಿ ನಿತ್ಯಜೀವನದ ಭಾಗವಾಗಿದ್ದ ಸಮಾಜದಲ್ಲಿ. ಈತನೂ ಗುಲಾಮರ ಒಡೆಯನಾಗಿದ್ದ. ಟೆನೆಸಿಯಲ್ಲಿ ಅಂಗಡಿ ನಡೆಸುತ್ತಿದ್ದಾಗ ರಾತ್ರಿ ಕಳವಾಗುತ್ತಿದ್ದುದನ್ನು ತಡೆಯಲು ಬಂದೂಕನ್ನು ತಾನಾಗಿ ಹಾರುವಂತೆ ಬಲೆಯೊಡ್ಡಿ ಇಟ್ಟಿದ್ದ. ಅದಕ್ಕೆ ಸಿಲುಕಿ ಗುಲಾಮನೊಬ್ಬ ಸತ್ತನು. ಈ ಘಟನೆಯನ್ನು ಬರ್ನೆಟ್ ತನ್ನ ವೃದ್ಧಾಪ್ಯದ ನೆನಪುಗಳಲ್ಲಿ ದಾಖಲಿಸಿದ್ದಾನೆ.

## ಮಿಸೌರಿಯಲ್ಲಿ ವಕೀಲಿ ವೃತ್ತಿ

1830ರ ದಶಕದ ಆರಂಭದಲ್ಲಿ ಬರ್ನೆಟ್ ಮತ್ತೆ ಮಿಸೌರಿಗೆ ಬಂದು ಲಿಬರ್ಟಿ ಪಟ್ಟಣದಲ್ಲಿ ನೆಲೆಸಿದ. ಅಲ್ಲಿ ವ್ಯಾಪಾರ ಮಾಡಿದ, 'ದಿ ಫಾರ್ ವೆಸ್ಟ್' ಎಂಬ ಪತ್ರಿಕೆಯನ್ನು ನಡೆಸಿದ, ಕಾನೂನು ಅಭ್ಯಾಸ ಮಾಡಿ ವಕೀಲನಾದ. ಆ ಕಾಲದಲ್ಲಿ ಮಿಸೌರಿಯಲ್ಲಿ ಮಾರ್ಮನ್ ಪಂಥದವರ ಹಾಗೂ ಇತರ ನಿವಾಸಿಗಳ ನಡುವೆ ಹಿಂಸಾತ್ಮಕ ಸಂಘರ್ಷ ನಡೆದಿತ್ತು. ಪಂಥದ ಸ್ಥಾಪಕ ಜೋಸೆಫ್ ಸ್ಮಿತ್ ಹಾಗೂ ಆತನ ಸಂಗಡಿಗರು 1838-39ರ ಚಳಿಗಾಲದಲ್ಲಿ ಲಿಬರ್ಟಿಯ ಸೆರೆಮನೆಯಲ್ಲಿದ್ದರು. ಸ್ಥಳೀಯರ ದ್ವೇಷವನ್ನು ಲೆಕ್ಕಿಸದೆ ಅವರ ಪರವಾಗಿ ವಾದಿಸಿದ ವಕೀಲರಲ್ಲಿ ಅಲೆಕ್ಸಾಂಡರ್ ಡೋನಿಫನ್‌ನೊಂದಿಗೆ ಬರ್ನೆಟ್ ಕೂಡ ಇದ್ದ. ವಿಚಾರಣೆಯನ್ನು ಬೇರೆ ಕೌಂಟಿಗೆ ವರ್ಗಾಯಿಸಲಾಯಿತು. ಅಲ್ಲಿಗೆ ಸಾಗಿಸುವ ದಾರಿಯಲ್ಲಿ ಕೈದಿಗಳು ತಪ್ಪಿಸಿಕೊಂಡರು. ನಂತರ ಬರ್ನೆಟ್ ಜಿಲ್ಲಾ ಸರ್ಕಾರಿ ವಕೀಲನಾಗಿಯೂ ಕೆಲಸ ಮಾಡಿದ.

ವಕೀಲಿಕೆ ಕೈಹಿಡಿದರೂ ವ್ಯಾಪಾರದಲ್ಲಿ ಉಂಟಾದ ನಷ್ಟದಿಂದ ಬರ್ನೆಟ್‌ನ ಮೇಲೆ ಸಾವಿರಾರು ಡಾಲರುಗಳ ಸಾಲವಿತ್ತು. ಪತ್ನಿಯ ಆರೋಗ್ಯವೂ ಕ್ಷೀಣಿಸುತ್ತಿತ್ತು. ಇದೇ ವೇಳೆಗೆ ಮಿಸೌರಿಯ ಸೆನೆಟರ್ ಲೂಯಿಸ್ ಲಿನ್ ಆರೆಗಾನ್‌ನಲ್ಲಿ ನೆಲೆಸುವ ಪ್ರತಿ ಬಿಳಿಯ ಪುರುಷನಿಗೆ 640 ಎಕರೆ, ಪತ್ನಿಗೂ ಪ್ರತಿ ಮಗುವಿಗೂ ತಲಾ 160 ಎಕರೆ ಭೂಮಿ ನೀಡುವ ಮಸೂದೆಯನ್ನು ಮಂಡಿಸಿದ್ದ. 1843ರ ಆರಂಭದಲ್ಲಿ ಸೆನೆಟ್ ಇದನ್ನು ಅಂಗೀಕರಿಸಿತು. ಕೆಳಮನೆಯಲ್ಲಿ ಮಸೂದೆ ನಿಂತುಹೋಯಿತು. ಆದರೂ ಅದು ಹುಟ್ಟಿಸಿದ ಭರವಸೆ ಸಾವಿರಾರು ಮಂದಿಯನ್ನು ಪಶ್ಚಿಮದತ್ತ ಸೆಳೆಯಿತು. ದೊಡ್ಡ ಕುಟುಂಬವಿದ್ದ ಬರ್ನೆಟ್‌ಗೆ ಈ ಭೂಮಿಯಿಂದ ಸಾಲ ತೀರಿಸುವ ಮಾರ್ಗ ಕಂಡಿತು. ಸಾಲಗಾರರ ಒಪ್ಪಿಗೆ ಪಡೆದೇ ಈತ ಹೊರಟ.

## 1843ರ ವಲಸೆ

1842-43ರ ಚಳಿಗಾಲದಲ್ಲಿ ಬರ್ನೆಟ್ ಪಶ್ಚಿಮ ಮಿಸೌರಿಯ ಊರುಗಳಲ್ಲಿ ಸಭೆ ನಡೆಸಿ ಆರೆಗಾನ್‌ನ ಭೂಮಿ, ಹವಾಮಾನಗಳನ್ನು ವರ್ಣಿಸಿ ಜನರನ್ನು ಒಗ್ಗೂಡಿಸಿದ. ಮೇ ತಿಂಗಳ ಉತ್ತರಾರ್ಧದಲ್ಲಿ ಮಿಸೌರಿಯ ಇಂಡಿಪೆಂಡೆನ್ಸ್ ಪಟ್ಟಣದ ಸಮೀಪದಿಂದ ಸುಮಾರು 900 ಜನ, ನೂರಕ್ಕೂ ಹೆಚ್ಚು ಬಂಡಿಗಳು ಹಾಗೂ ಸಾವಿರಾರು ದನಗಳಿದ್ದ ತಂಡ ಹೊರಟಿತು. ಇದನ್ನು 'ಮಹಾವಲಸೆ' ಎಂದು ಕರೆಯಲಾಗುತ್ತದೆ. ಸುಮಾರು 2,000 ಮೈಲಿಗಳ ಈ ದಾರಿಯಲ್ಲಿ ಅಷ್ಟು ದೊಡ್ಡ ಪ್ರಮಾಣದಲ್ಲಿ ಕುಟುಂಬಗಳು ಬಂಡಿಗಳೊಂದಿಗೆ ಸಾಗಿದ್ದು ಅದೇ ಮೊದಲು.

ಜೂನ್ 1ರಂದು ತಂಡದ ಸದಸ್ಯರು ಬರ್ನೆಟ್‌ನನ್ನು ನಾಯಕನನ್ನಾಗಿ ಆರಿಸಿದರು. ಒಂದು ವಾರದೊಳಗೇ ಅನಾರೋಗ್ಯದ ಕಾರಣ ನೀಡಿ ಈತ ಹುದ್ದೆಯನ್ನು ಬಿಟ್ಟ. ದನಗಳು ಹೆಚ್ಚಿದ್ದವರಿಗೂ ಇಲ್ಲದವರಿಗೂ ನಡುವೆ ವಿವಾದ ಬೆಳೆದು ತಂಡ ಎರಡಾಯಿತು. ದನಗಳ ಹಿಂಡಿನೊಂದಿಗೆ ನಿಧಾನವಾಗಿ ಬಂದ ಭಾಗಕ್ಕೆ ಜೆಸ್ಸೆ ಆಪಲ್‌ಗೇಟ್ ಮುಖ್ಯಸ್ಥನಾದ. ಮಿಷನರಿ ಮಾರ್ಕಸ್ ವಿಟ್‌ಮನ್ ದಾರಿಯುದ್ದಕ್ಕೂ ಮಾರ್ಗದರ್ಶನ ಮಾಡಿದ. ಶರತ್ಕಾಲದಲ್ಲಿ ಕೊಲಂಬಿಯಾ ನದಿಯನ್ನು ತಲುಪಿದ ವಲಸಿಗರಿಗೆ ಹಡ್ಸನ್ಸ್ ಬೇ ಕಂಪನಿಯ ಮುಖ್ಯಾಧಿಕಾರಿ ಜಾನ್ ಮೆಕ್‌ಲಾಕ್ಲಿನ್ ಆಹಾರ, ದೋಣಿಗಳನ್ನು ಒದಗಿಸಿ ನೆರವಾದ. ಪ್ರಯಾಣದ ಬಗ್ಗೆ ಬರ್ನೆಟ್ ಬರೆದ ಪತ್ರಗಳು 'ನ್ಯೂಯಾರ್ಕ್ ಹೆರಾಲ್ಡ್' ಪತ್ರಿಕೆಯಲ್ಲಿ ಪ್ರಕಟವಾಗಿ ಮುಂದಿನ ವಲಸಿಗರಿಗೆ ಮಾಹಿತಿ ನೀಡಿದವು.

ವಿಲಾಮೆಟ್ ನದಿಯ ದಡದಲ್ಲಿ ಬರ್ನೆಟ್ ಹಾಗೂ ಮಾರ್ಟನ್ ಮೆಕಾರ್ವರ್ ಸೇರಿ ಪಟ್ಟಣವೊಂದನ್ನು ಗುರುತು ಮಾಡಿ, ಸೆನೆಟರ್ ಲಿನ್‌ನ ನೆನಪಿಗೆ ಲಿನ್‌ಟನ್ ಎಂದು ಹೆಸರಿಟ್ಟರು. ನಿವೇಶನಗಳು ನಿರೀಕ್ಷಿಸಿದಷ್ಟು ಮಾರಾಟವಾಗದ ಕಾರಣ ಬರ್ನೆಟ್ ಟ್ವಾಲಟಿನ್ ಬಯಲಿನಲ್ಲಿ ಬೇಸಾಯಕ್ಕೆ ಇಳಿದ. ಲಿನ್‌ಟನ್ ಈಗ ಪೋರ್ಟ್‌ಲೆಂಡ್ ನಗರದ ಒಂದು ಬಡಾವಣೆ.

## ಆರೆಗಾನ್‌ನ ಹಂಗಾಮಿ ಸರ್ಕಾರ

ಆಗ ಆರೆಗಾನ್ ಅಮೆರಿಕ ಮತ್ತು ಬ್ರಿಟನ್‌ಗಳ ಜಂಟಿ ವಾಸದ ಒಪ್ಪಂದಕ್ಕೆ ಒಳಪಟ್ಟ ಪ್ರದೇಶ. ಎರಡು ದೇಶಗಳ ಪೈಕಿ ಯಾವುದರ ಆಡಳಿತವೂ ಅಲ್ಲಿ ಪೂರ್ಣವಾಗಿ ನಡೆಯುತ್ತಿರಲಿಲ್ಲ. 1843ರ ಮೇ ತಿಂಗಳಲ್ಲಿ ವಲಸಿಗರು ಶಾಂಪೂಯಿಗ್ ಎಂಬಲ್ಲಿ ಸಭೆ ಸೇರಿ ಹಂಗಾಮಿ ಸರ್ಕಾರವೊಂದನ್ನು ರಚಿಸಿಕೊಂಡಿದ್ದರು. 1844ರಲ್ಲಿ ಬರ್ನೆಟ್ ಅದರ ಶಾಸಕಾಂಗ ಸಮಿತಿಗೆ ಆಯ್ಕೆಯಾದ.

ಮೂವರ ಕಾರ್ಯಕಾರಿ ಸಮಿತಿಯ ಬದಲು ಒಬ್ಬನೇ ಗವರ್ನರ್ ಇರಬೇಕೆಂಬ ಬದಲಾವಣೆ ಹಾಗೂ ತೆರಿಗೆ ವ್ಯವಸ್ಥೆ ಈ ಸಮಿತಿಯ ಕಾಲದಲ್ಲಿ ರೂಪುಗೊಂಡವು. ಬಲವಂತವಾಗಿ ತೆರಿಗೆ ವಸೂಲು ಮಾಡುವ ಶಕ್ತಿ ಸರ್ಕಾರಕ್ಕೆ ಇರಲಿಲ್ಲ. ಆದ್ದರಿಂದ ತೆರಿಗೆ ಕೊಡದವನಿಗೆ ಮತದಾನದ ಹಕ್ಕಾಗಲಿ ಕಾನೂನಿನ ರಕ್ಷಣೆಯಾಗಲಿ ಇಲ್ಲವೆಂದು ವಿಧಿಸಲಾಯಿತು. 1845ರಲ್ಲಿ ಬರ್ನೆಟ್ ಹಂಗಾಮಿ ಸರ್ಕಾರದ ಸರ್ವೋಚ್ಚ ನ್ಯಾಯಾಲಯದ ನ್ಯಾಯಾಧೀಶನಾಗಿ ನೇಮಕಗೊಂಡ.

### ಬಹಿಷ್ಕಾರ ಕಾನೂನು

1844ರ ಜೂನ್‌ನಲ್ಲಿ ಅಂಗೀಕಾರವಾದ, ಬರ್ನೆಟ್ ಮುಂದಾಳತ್ವ ವಹಿಸಿದ ಕಾನೂನೊಂದು ಗುಲಾಮಗಿರಿಯನ್ನು ನಿಷೇಧಿಸಿತು. ಜೊತೆಗೆ ಸ್ವತಂತ್ರ ಕಪ್ಪುಜನರೂ ಅಲ್ಲಿ ವಾಸಿಸುವುದನ್ನು ನಿಷೇಧಿಸಿತು. ಗುಲಾಮರನ್ನು ಕರೆತಂದ ಒಡೆಯರು ಅವರನ್ನು ಮೂರು ವರ್ಷಗಳೊಳಗೆ ಹೊರಗೆ ಸಾಗಿಸಬೇಕು, ಇಲ್ಲವಾದರೆ ಅವರು ಸ್ವತಂತ್ರರು. ಆದರೆ ಹಾಗೆ ಸ್ವತಂತ್ರರಾದವರೂ ಅಲ್ಲಿ ಉಳಿಯುವಂತಿರಲಿಲ್ಲ. ವಯಸ್ಕ ಪುರುಷರು ಎರಡು ವರ್ಷಗಳಲ್ಲಿ, ಸ್ತ್ರೀಯರು ಮೂರು ವರ್ಷಗಳಲ್ಲಿ ಆರೆಗಾನ್ ಬಿಟ್ಟು ಹೋಗಬೇಕಿತ್ತು. ತಪ್ಪಿದವರಿಗೆ 20ಕ್ಕೆ ಕಡಿಮೆಯಿಲ್ಲದಂತೆ, 39ಕ್ಕೆ ಮೀರದಂತೆ ಚಾಟಿಯೇಟು. ಹೊರಡುವವರೆಗೆ ಆರು ತಿಂಗಳಿಗೊಮ್ಮೆ ಅದೇ ಶಿಕ್ಷೆ. ಇದರಿಂದಲೇ ಇದಕ್ಕೆ 'ಚಾಟಿ ಕಾನೂನು' ಎಂಬ ಹೆಸರು ಬಂತು.

ಅದೇ ವರ್ಷದ ಡಿಸೆಂಬರ್‌ನಲ್ಲಿ ಬರ್ನೆಟ್‌ನ ಸೂಚನೆಯಂತೆ ಚಾಟಿಯೇಟಿನ ಬದಲು ನಿರ್ದಿಷ್ಟ ಅವಧಿಯ ಕಡ್ಡಾಯ ದುಡಿಮೆಯನ್ನು ಸೇರಿಸಲಾಯಿತು: ಅಪರಾಧಿಯನ್ನು ಬಹಿರಂಗವಾಗಿ ಕೂಲಿಗೆ ಒಪ್ಪಿಸಿ, ದುಡಿಸಿಕೊಂಡವನೇ ಆತನನ್ನು ಹೊರಗೆ ಸಾಗಿಸಬೇಕಿತ್ತು. ಕಾನೂನಿನ ಗಡುವು ಮುಗಿಯುವ ಮೊದಲೇ, 1845ರಲ್ಲಿ ಅದು ರದ್ದಾಯಿತು. ಯಾರಿಗೂ ಚಾಟಿಯೇಟು ಬೀಳಲಿಲ್ಲ. ಆದರೆ ಅದರ ಪರಿಣಾಮ ಅಲ್ಲಿಗೇ ಮುಗಿಯಲಿಲ್ಲ. 1844ರಲ್ಲಿ ಬಂದ ಶ್ರೀಮಂತ ವಲಸಿಗ, ಮಿಶ್ರ ಜನಾಂಗದ ಜಾರ್ಜ್ ಬುಷ್ ತನ್ನ ಕುಟುಂಬ ಹಾಗೂ ಸಂಗಡಿಗರೊಂದಿಗೆ ಕೊಲಂಬಿಯಾ ನದಿಯ ಉತ್ತರಕ್ಕೆ, ಕಾನೂನಿನ ಕೈ ಸುಲಭವಾಗಿ ತಲುಪದ ಪ್ಯೂಜೆಟ್ ಸೌಂಡ್ ಪ್ರದೇಶಕ್ಕೆ ಹೋಗಿ ನೆಲೆಸಿದ. ಈಗಿನ ವಾಷಿಂಗ್ಟನ್ ರಾಜ್ಯದ ಟಮ್‌ವಾಟರ್ ಹೀಗೆ ಆರಂಭವಾದ ಊರು. ಆರೆಗಾನ್ 1849ರಲ್ಲಿ ಮತ್ತೊಂದು ಬಹಿಷ್ಕಾರ ಕಾನೂನನ್ನು ಮಾಡಿತು. 1857ರ ರಾಜ್ಯ ಸಂವಿಧಾನದಲ್ಲಿಯೂ ಅಂತಹದೇ ವಿಧಿ ಸೇರಿ 1926ರವರೆಗೆ ಉಳಿಯಿತು.

ಗುಲಾಮಗಿರಿಯ ಕೆಡುಕುಗಳನ್ನೂ ಜನಾಂಗಗಳ ನಡುವಿನ ಸಂಘರ್ಷವನ್ನೂ ಹೊಸ ಸೀಮೆಯಿಂದ ದೂರವಿಡುವುದೇ ಉದ್ದೇಶವಾಗಿತ್ತೆಂದು ಬರ್ನೆಟ್ ನಂತರ ಸಮರ್ಥಿಸಿಕೊಂಡ. ಹೊಸ ಸಮುದಾಯವೊಂದು ತನಗೆ ಬೇಕಾದವರನ್ನು ಮಾತ್ರ ಸೇರಿಸಿಕೊಳ್ಳುವ ಹಕ್ಕುಳ್ಳದ್ದು ಎಂಬುದು ಈತನ ವಾದದ ತಿರುಳು. ಆ ಸಮುದಾಯ ನೆಲೆಸಿದ್ದ ಭೂಮಿ ಅದಕ್ಕೆ ಮೊದಲೇ ಇತರರದಾಗಿತ್ತು ಎಂಬ ಸಂಗತಿಗೆ ಈ ವಾದದಲ್ಲಿ ಸ್ಥಾನವಿರಲಿಲ್ಲ.

## ಮತಾಂತರ

ಬರ್ನೆಟ್ ಮೊದಲು 'ಡಿಸೈಪಲ್ಸ್ ಆಫ್ ಕ್ರೈಸ್ಟ್' ಎಂಬ ಪ್ರಾಟೆಸ್ಟಂಟ್ ಪಂಗಡಕ್ಕೆ ಸೇರಿದ್ದ. ಪ್ರಾಟೆಸ್ಟಂಟ್ ಬೋಧಕ ಅಲೆಕ್ಸಾಂಡರ್ ಕ್ಯಾಂಪ್‌ಬೆಲ್ ಮತ್ತು ಕ್ಯಾಥೊಲಿಕ್ ಬಿಷಪ್ ಜಾನ್ ಪರ್ಸೆಲ್ ನಡುವೆ ನಡೆದ ವಾದದ ಮುದ್ರಿತ ರೂಪವನ್ನು ಓದಿದ ಮೇಲೆ, ವಕೀಲನ ರೀತಿಯಲ್ಲಿ ಎರಡೂ ಕಡೆಯ ಸಾಕ್ಷ್ಯಗಳನ್ನು ತೂಗಿನೋಡಿ 1846ರಲ್ಲಿ ಆರೆಗಾನ್ ಸಿಟಿಯಲ್ಲಿ ಕ್ಯಾಥೊಲಿಕ್ ಮತವನ್ನು ಸ್ವೀಕರಿಸಿದ. ಗಡಿಸೀಮೆಯ ಬಹುಸಂಖ್ಯಾತ ಪ್ರಾಟೆಸ್ಟಂಟರ ನಡುವೆ ಇದು ಜನಪ್ರಿಯ ನಿರ್ಧಾರವಾಗಿರಲಿಲ್ಲ.

## ಕ್ಯಾಲಿಫೋರ್ನಿಯ

1848ರಲ್ಲಿ ಕ್ಯಾಲಿಫೋರ್ನಿಯದಲ್ಲಿ ಚಿನ್ನ ದೊರೆತ ಸುದ್ದಿ ಆರೆಗಾನ್ ತಲುಪಿತು. ಸೆಪ್ಟೆಂಬರ್‌ನಲ್ಲಿ ಸುಮಾರು 150 ಮಂದಿ ಹಾಗೂ 50 ಬಂಡಿಗಳ ತಂಡವನ್ನು ಕಟ್ಟಿಕೊಂಡು ಬರ್ನೆಟ್ ದಕ್ಷಿಣಕ್ಕೆ ಹೊರಟ. ಆರೆಗಾನ್‌ನಿಂದ ಕ್ಯಾಲಿಫೋರ್ನಿಯಕ್ಕೆ ಬಂಡಿಗಳೊಂದಿಗೆ ಸಾಗಿದ ಮೊದಲ ತಂಡವಿದು. ಇದೇ ಕಾಲದಲ್ಲಿ ಅಧ್ಯಕ್ಷ ಜೇಮ್ಸ್ ಪೋಕ್ ಆರೆಗಾನ್ ಪ್ರದೇಶದ ನ್ಯಾಯಾಧೀಶ ಹುದ್ದೆಗೆ ಬರ್ನೆಟ್‌ನ ಹೆಸರನ್ನು ಸೂಚಿಸಿದ್ದರೂ ಈತ ಅದನ್ನು ಸ್ವೀಕರಿಸಲಿಲ್ಲ.

ಯೂಬಾ ನದಿಯ ಬಳಿ ಕೆಲವು ವಾರ ಚಿನ್ನ ಸೋಸಿದ ನಂತರ ಬರ್ನೆಟ್ ಕಾನೂನು ವೃತ್ತಿಗೆ ಮರಳಿದ. ಚಿನ್ನ ದೊರೆತ ಗಿರಣಿಯ ಒಡೆಯ ಜಾನ್ ಸಟರ್‌ನ ಆಸ್ತಿಯನ್ನು ಆತನ ಮಗ ನೋಡಿಕೊಳ್ಳುತ್ತಿದ್ದ. ಆತನ ವಕೀಲನಾಗಿ, ಪ್ರತಿನಿಧಿಯಾಗಿ ಹೊಸ ಸ್ಯಾಕ್ರಮೆಂಟೊ ನಗರದ ನಿವೇಶನಗಳನ್ನು ಬರ್ನೆಟ್ ಮಾರಾಟ ಮಾಡಿಸಿದ. ಇದರಿಂದ ಬಂದ ಸಂಪತ್ತಿನಿಂದಲೇ ಮಿಸೌರಿಯ ಹಳೆಯ ಸಾಲಗಳನ್ನು ತೀರಿಸಲು ಸಾಧ್ಯವಾಯಿತು.

ಮೆಕ್ಸಿಕೋದಿಂದ ಅಮೆರಿಕದ ವಶಕ್ಕೆ ಬಂದಿದ್ದ ಕ್ಯಾಲಿಫೋರ್ನಿಯದಲ್ಲಿ ಆಗ ಸೇನಾ ಗವರ್ನರ್ ಆಡಳಿತ ನಡೆಸುತ್ತಿದ್ದ. ಅಮೆರಿಕದ ಕಾಂಗ್ರೆಸ್ ನಾಗರಿಕ ಸರ್ಕಾರವನ್ನು ಸ್ಥಾಪಿಸಿರಲಿಲ್ಲ. ಸ್ಯಾನ್ ಫ್ರಾನ್ಸಿಸ್ಕೋದ ಜನ ತಾವಾಗಿ ಶಾಸನಸಭೆಯೊಂದನ್ನು ರಚಿಸಿಕೊಂಡಾಗ ಬರ್ನೆಟ್ ಅದರ ಪ್ರಮುಖ ನಾಯಕನಾಗಿ, ಕಾಂಗ್ರೆಸ್ ಸುಮ್ಮನಿದ್ದರೆ ಆಡಳಿತ ರೂಪಿಸಿಕೊಳ್ಳುವ ಹಕ್ಕು ಜನರಿಗಿದೆ ಎಂದು ವಾದಿಸಿದ. ಸೇನಾ ಗವರ್ನರ್ ಬೆನೆಟ್ ರೈಲಿ ಇದನ್ನು ಒಪ್ಪದೆ ಮಾಂಟೆರೆಯಲ್ಲಿ ಸಂವಿಧಾನ ರಚನಾ ಸಮಾವೇಶವನ್ನು ಕರೆದ. ಗುಲಾಮಗಿರಿಯನ್ನು ನಿಷೇಧಿಸಿದ ಆ ಸಂವಿಧಾನವನ್ನು 1849ರ ನವೆಂಬರ್ 13ರಂದು ಮತದಾರರು ಅಂಗೀಕರಿಸಿದರು. ಅಂದೇ ನಡೆದ ಚುನಾವಣೆಯಲ್ಲಿ ಬರ್ನೆಟ್ 6,700ಕ್ಕೂ ಹೆಚ್ಚು ಮತಗಳನ್ನು ಪಡೆದು, ಜಾನ್ ಸಟರ್ ಸೇರಿದಂತೆ ಎದುರಾಳಿಗಳನ್ನು ಸೋಲಿಸಿ ಗವರ್ನರ್ ಆಗಿ ಆಯ್ಕೆಯಾದ.

## ಗವರ್ನರ್ ಆಗಿ

ಬರ್ನೆಟ್ 1849ರ ಡಿಸೆಂಬರ್ 20ರಂದು ಆಗಿನ ರಾಜಧಾನಿ ಸ್ಯಾನ್ ಹೋಸೆಯಲ್ಲಿ ಅಧಿಕಾರ ವಹಿಸಿಕೊಂಡ. ಕ್ಯಾಲಿಫೋರ್ನಿಯ ಒಕ್ಕೂಟಕ್ಕೆ ಸೇರಿದ್ದು 1850ರ ಸೆಪ್ಟೆಂಬರ್ 9ರಂದು. ಹೀಗಾಗಿ ಅಧಿಕಾರಾವಧಿಯ ಬಹುಪಾಲು, ಒಕ್ಕೂಟದ ಮನ್ನಣೆ ಇನ್ನೂ ಸಿಗದ ರಾಜ್ಯಕ್ಕೆ ಈತ ಗವರ್ನರ್ ಆಗಿದ್ದ. ಕೌಂಟಿಗಳ ರಚನೆ, ನ್ಯಾಯಾಲಯಗಳ ಸ್ಥಾಪನೆ, ತೆರಿಗೆ ಪದ್ಧತಿ ಎಲ್ಲವೂ ಮೊದಲಿನಿಂದ ಆಗಬೇಕಿತ್ತು. ಇಂಗ್ಲಿಷ್ ಸಾಮಾನ್ಯ ಕಾನೂನಿನ ಕೆಲವು ಭಾಗಗಳನ್ನೂ ಲೂಸಿಯಾನದ ನಾಗರಿಕ ಸಂಹಿತೆಯನ್ನೂ ಬೆರೆಸಿದ ವ್ಯವಸ್ಥೆಯನ್ನು ಬರ್ನೆಟ್ ಶಿಫಾರಸು ಮಾಡಿದ. ಶಾಸನಸಭೆ ಸಾಮಾನ್ಯ ಕಾನೂನನ್ನೇ ಆರಿಸಿಕೊಂಡಿತು. 1850ರ ಏಪ್ರಿಲ್‌ನಲ್ಲಿ ವಿದೇಶಿ ಗಣಿಗಾರರ ಮೇಲೆ ತಿಂಗಳಿಗೆ 20 ಡಾಲರ್ ತೆರಿಗೆ ಜಾರಿಗೆ ಬಂದು, ಮುಖ್ಯವಾಗಿ ಮೆಕ್ಸಿಕೋ ಹಾಗೂ ದಕ್ಷಿಣ ಅಮೆರಿಕದ ಗಣಿಗಾರರನ್ನು ಚಿನ್ನದ ಪ್ರದೇಶದಿಂದ ಹೊರದೂಡಿತು. ಅದೇ ವರ್ಷ ಸ್ಯಾಕ್ರಮೆಂಟೊದಲ್ಲಿ ಭೂಮಿಯ ಒಡೆತನದ ವಿವಾದ ಗಲಭೆಯಾಗಿ ತಿರುಗಿತು, ಬಳಿಕ ಕಾಲರಾ ಹರಡಿತು.

ಮೊದಲ ಸಂದೇಶದಲ್ಲಿಯೇ ಬರ್ನೆಟ್, ಆರೆಗಾನ್‌ನಲ್ಲಿ ಮಾಡಿದಂತೆ, ಸ್ವತಂತ್ರ ಕಪ್ಪುಜನರ ಪ್ರವೇಶವನ್ನು ನಿಷೇಧಿಸುವಂತೆ ಕೋರಿದ. ಅಂತಹ ಮಸೂದೆಗೆ ಕೆಳಮನೆ ಒಪ್ಪಿದರೂ ಸೆನೆಟ್‌ನಲ್ಲಿ ಅದು ಅಂಗೀಕಾರವಾಗಲಿಲ್ಲ. 1851ರಲ್ಲಿ ಬರ್ನೆಟ್ ಮತ್ತೆ ಕೋರಿದರೂ ಫಲ ದೊರೆಯಲಿಲ್ಲ.

### ಮೂಲನಿವಾಸಿಗಳ ಕುರಿತ ನೀತಿ

1850ರ ಏಪ್ರಿಲ್ 22ರಂದು ಬರ್ನೆಟ್‌ನ ಆಡಳಿತದಲ್ಲಿ ಜಾರಿಯಾದ ಕಾನೂನು ಹೆಸರಿಗೆ ಮೂಲನಿವಾಸಿಗಳ 'ಆಡಳಿತ ಮತ್ತು ರಕ್ಷಣೆ'ಗಾಗಿ ಇತ್ತು. ಅದರ ಪ್ರಕಾರ ಮೂಲನಿವಾಸಿಗಳ ಮಕ್ಕಳನ್ನು ಬಿಳಿಯರು ನ್ಯಾಯಾಧಿಕಾರಿಯ ಅನುಮತಿಯಿಂದ ತಮ್ಮ ವಶದಲ್ಲಿಟ್ಟುಕೊಂಡು ದುಡಿಸಬಹುದಿತ್ತು. ಅಲೆಮಾರಿಗಳೆಂದು ಹಿಡಿದ ವಯಸ್ಕರನ್ನು ಹರಾಜಿನ ಮೂಲಕ ಕೂಲಿಗೆ ಒಪ್ಪಿಸಬಹುದಿತ್ತು. ಮೂಲನಿವಾಸಿಯ ಸಾಕ್ಷ್ಯದ ಮೇಲೆ ಬಿಳಿಯನನ್ನು ಅಪರಾಧಿಯೆಂದು ತೀರ್ಮಾನಿಸುವಂತಿರಲಿಲ್ಲ. ಗುಲಾಮಗಿರಿಯನ್ನು ನಿಷೇಧಿಸಿದ ರಾಜ್ಯದಲ್ಲಿ ಬಲವಂತದ ದುಡಿಮೆಗೆ ಈ ಕಾನೂನು ದಾರಿ ಮಾಡಿತು.

ಅದೇ ವರ್ಷ ಕೊಲರಾಡೊ ನದಿಯ ಯೂಮಾ ದಾಟುದಾಣದಲ್ಲಿ, ದೋಣಿಯ ವ್ಯಾಪಾರವನ್ನು ವಶಪಡಿಸಿಕೊಂಡಿದ್ದ ಜಾನ್ ಗ್ಲ್ಯಾಂಟನ್‌ನ ತಂಡವನ್ನು ಕ್ವೆಚಾನ್ ಜನ ಕೊಂದರು. ಪ್ರತೀಕಾರಕ್ಕಾಗಿ ಬರ್ನೆಟ್ ನಾಗರಿಕ ಸೇನೆಯನ್ನು ಕಳುಹಿಸಿದ. ಈ ದಂಡಯಾತ್ರೆ ಖಾಲಿ ಬೊಕ್ಕಸದ ರಾಜ್ಯದ ಮೇಲೆ ಭಾರಿ ಸಾಲವನ್ನು ಹೊರಿಸಿತು.

1851ರ ಜನವರಿಯಲ್ಲಿ ಶಾಸನಸಭೆಗೆ ಕಳುಹಿಸಿದ ಸಂದೇಶದಲ್ಲಿ ಬರ್ನೆಟ್, ಮೂಲನಿವಾಸಿ ಜನಾಂಗ ಪೂರ್ತಿ ಅಳಿಯುವವರೆಗೂ ಎರಡು ಜನಾಂಗಗಳ ನಡುವೆ ನಿರ್ನಾಮದ ಯುದ್ಧ ಮುಂದುವರಿಯುವುದೆಂದು ನಿರೀಕ್ಷಿಸಲೇಬೇಕು ಎಂಬರ್ಥದ ಮಾತನ್ನಾಡಿದ. ಇದಕ್ಕಾಗಿ ವಿಷಾದ ವ್ಯಕ್ತಪಡಿಸಿದನಾದರೂ, ಅದನ್ನು ತಪ್ಪಿಸುವುದು ಮನುಷ್ಯನ ಶಕ್ತಿಗೆ ಮೀರಿದ್ದೆಂದು ಹೇಳಿದ. ಆಡಳಿತದ ಮುಖ್ಯಸ್ಥನೇ ಹಿಂಸೆಯನ್ನು ವಿಧಿಯೆಂಬಂತೆ ಚಿತ್ರಿಸಿದ್ದರಿಂದ ಅದನ್ನು ತಡೆಯುವ ಹೊಣೆಯಿಂದ ರಾಜ್ಯ ನುಣುಚಿಕೊಂಡಂತಾಯಿತು. ನಂತರದ ವರ್ಷಗಳಲ್ಲಿ ಶಾಸನಸಭೆ ನಾಗರಿಕ ಸೇನೆಯ ದಾಳಿಗಳಿಗೆ ಲಕ್ಷಾಂತರ ಡಾಲರ್ ಮಂಜೂರು ಮಾಡಿತು. ಒಕ್ಕೂಟ ಸರ್ಕಾರದ ಪ್ರತಿನಿಧಿಗಳು ಬುಡಕಟ್ಟುಗಳೊಂದಿಗೆ ಮಾಡಿಕೊಂಡ 18 ಒಪ್ಪಂದಗಳನ್ನು ಅಮೆರಿಕದ ಸೆನೆಟ್ 1852ರಲ್ಲಿ ತಿರಸ್ಕರಿಸಿತು. ಇತಿಹಾಸಕಾರ ಬೆಂಜಮಿನ್ ಮ್ಯಾಡ್ಲಿಯ ಅಂದಾಜಿನಂತೆ 1846ರಲ್ಲಿ ಸುಮಾರು 1,50,000 ಇದ್ದ ಕ್ಯಾಲಿಫೋರ್ನಿಯದ ಮೂಲನಿವಾಸಿಗಳ ಸಂಖ್ಯೆ 1870ರ ವೇಳೆಗೆ ಸುಮಾರು 30,000ಕ್ಕೆ ಇಳಿದಿತ್ತು. ರೋಗ, ಹಸಿವು, ಸ್ಥಳಾಂತರ ಹಾಗೂ ನೇರ ಹತ್ಯೆಗಳು ಈ ಕುಸಿತಕ್ಕೆ ಕಾರಣ.

### ರಾಜೀನಾಮೆ

ಈ ಸಂದೇಶ ಕಳುಹಿಸಿದ ಕೆಲವೇ ದಿನಗಳಲ್ಲಿ, 1851ರ ಜನವರಿ 9ರಂದು, ಖಾಸಗಿ ವ್ಯವಹಾರಗಳ ಕಾರಣ ನೀಡಿ ಬರ್ನೆಟ್ ರಾಜೀನಾಮೆ ಕೊಟ್ಟ. ಶಾಸನಸಭೆಯೊಂದಿಗಿನ ಭಿನ್ನಾಭಿಪ್ರಾಯ ಹಾಗೂ ಪತ್ರಿಕೆಗಳ ಟೀಕೆಯಿಂದ ಈತನ ಜನಪ್ರಿಯತೆ ಆಗಲೇ ಕುಸಿದಿತ್ತು. ಉಪಗವರ್ನರ್ ಜಾನ್ ಮೆಕ್‌ಡೂಗಲ್ ಉತ್ತರಾಧಿಕಾರಿಯಾದ. ಕ್ಯಾಲಿಫೋರ್ನಿಯದಲ್ಲಿ ಅಧಿಕಾರಾವಧಿಗೆ ಮುನ್ನ ಹುದ್ದೆ ತ್ಯಜಿಸಿದ ಮೊದಲ ಗವರ್ನರ್ ಕೂಡ ಬರ್ನೆಟ್‌ನೇ.

## ನ್ಯಾಯಾಧೀಶ ಹುದ್ದೆ ಮತ್ತು ಆರ್ಚಿ ಲೀ ಪ್ರಕರಣ

1857ರಲ್ಲಿ ಗವರ್ನರ್ ನೀಲಿ ಜಾನ್ಸನ್ ಬರ್ನೆಟ್‌ನನ್ನು ಕ್ಯಾಲಿಫೋರ್ನಿಯದ ಸರ್ವೋಚ್ಚ ನ್ಯಾಯಾಲಯಕ್ಕೆ ನೇಮಿಸಿದ. ಈತ 1858ರವರೆಗೆ ಅಲ್ಲಿ ಸೇವೆ ಸಲ್ಲಿಸಿದ. ಈ ಅವಧಿಯ ಹೆಸರಾದ ಪ್ರಕರಣ ಆರ್ಚಿ ಲೀ ಎಂಬ ಯುವಕನದು. ಮಿಸಿಸಿಪಿಯ ಚಾರ್ಲ್ಸ್ ಸ್ಟೋವಲ್ ಆತನನ್ನು ಗುಲಾಮನಾಗಿ ಸ್ಯಾಕ್ರಮೆಂಟೊಗೆ ಕರೆತಂದಿದ್ದ. ಲೀ ತಾನು ಸ್ವತಂತ್ರನೆಂದು ಹೇಳಿ ಹಿಂದಿರುಗಲು ನಿರಾಕರಿಸಿದ. ಹಾದುಹೋಗುವ ಪ್ರಯಾಣಿಕರಿಗೆ ಸಲ್ಲಬಹುದಾದ ರಿಯಾಯಿತಿ, ಇಲ್ಲಿ ದುಡಿಮೆಗೆ ನಿಂತ ಸ್ಟೋವಲ್‌ಗೆ ಸಲ್ಲದೆಂದು ಬರ್ನೆಟ್ ತನ್ನ ತೀರ್ಪಿನಲ್ಲಿ ಒಪ್ಪಿದ. ಆದರೂ ಸ್ಟೋವಲ್ ಚಿಕ್ಕ ವಯಸ್ಸಿನವನು, ಅನಾರೋಗ್ಯ ಪೀಡಿತ, ಇದು ಈ ಬಗೆಯ ಮೊದಲ ಪ್ರಕರಣ ಎಂಬ ಕಾರಣಗಳಿಂದ ಲೀಯನ್ನು ಆತನಿಗೇ ಒಪ್ಪಿಸುವಂತೆ ಆದೇಶಿಸಿದ. ತೀರ್ಪಿನ ತರ್ಕ ಒಂದು ಕಡೆಗೂ ಫಲ ಇನ್ನೊಂದು ಕಡೆಗೂ ಇದ್ದುದರಿಂದ ಅದು ವ್ಯಾಪಕ ಅಪಹಾಸ್ಯಕ್ಕೆ ಒಳಗಾಯಿತು.

ಕ್ಯಾಲಿಫೋರ್ನಿಯದ ಕಪ್ಪುಜನರ ಸಮುದಾಯ ಹಣ ಸಂಗ್ರಹಿಸಿ ಹೋರಾಟವನ್ನು ಮುಂದುವರಿಸಿತು. 1858ರ ಏಪ್ರಿಲ್‌ನಲ್ಲಿ ಒಕ್ಕೂಟದ ಕಮಿಷನರ್ ಜಾರ್ಜ್ ಪೆನ್ ಜಾನ್‌ಸ್ಟನ್ ಲೀಯನ್ನು ಬಿಡುಗಡೆ ಮಾಡಿದ. ಅದೇ ವರ್ಷ ಲೀ ಸೇರಿದಂತೆ ನೂರಾರು ಕಪ್ಪುಜನರು ಕ್ಯಾಲಿಫೋರ್ನಿಯವನ್ನು ತೊರೆದು ಬ್ರಿಟಿಷ್ ಆಳ್ವಿಕೆಯ ವಿಕ್ಟೋರಿಯಾಕ್ಕೆ ವಲಸೆ ಹೋದರು.

## ಕೊನೆಯ ವರ್ಷಗಳು ಮತ್ತು ಬರಹಗಳು

1863ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಆರಂಭವಾದ ಪೆಸಿಫಿಕ್ ಬ್ಯಾಂಕಿಗೆ ಬರ್ನೆಟ್ 1880ರವರೆಗೆ ಅಧ್ಯಕ್ಷನಾಗಿದ್ದ. ಚೀನೀ ವಲಸೆಯನ್ನು ತಡೆಯಬೇಕೆಂಬ ಚಳವಳಿಗೂ ಈತನ ಬೆಂಬಲವಿತ್ತು. 1895ರ ಮೇ 17ರಂದು ತನ್ನ 87ನೆಯ ವಯಸ್ಸಿನಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ನಿಧನನಾದ. ಸಮಾಧಿ ಸಾಂಟಾ ಕ್ಲಾರಾದಲ್ಲಿದೆ.

ಬರ್ನೆಟ್‌ನ ಮುಖ್ಯ ಕೃತಿಗಳು:

* ದಿ ಪಾತ್ ವಿಚ್ ಲೆಡ್ ಎ ಪ್ರಾಟೆಸ್ಟಂಟ್ ಲಾಯರ್ ಟು ದಿ ಕ್ಯಾಥೊಲಿಕ್ ಚರ್ಚ್ (1860) – ಮತಾಂತರದ ಕಾರಣಗಳ ವಿವರಣೆ
* ದಿ ಅಮೆರಿಕನ್ ಥಿಯರಿ ಆಫ್ ಗವರ್ನಮೆಂಟ್ (1861) – ಅಂತರ್ಯುದ್ಧದ ಹಿನ್ನೆಲೆಯಲ್ಲಿ ಬರೆದ ರಾಜಕೀಯ ಚಿಂತನೆ
* ರಿಕಲೆಕ್ಷನ್ಸ್ ಅಂಡ್ ಒಪಿನಿಯನ್ಸ್ ಆಫ್ ಆನ್ ಓಲ್ಡ್ ಪಯೋನಿಯರ್ (1880) – ಆತ್ಮಕಥನ. ಆರೆಗಾನ್ ದಾರಿಯ ವಲಸೆ ಹಾಗೂ ಆರಂಭಿಕ ಕ್ಯಾಲಿಫೋರ್ನಿಯದ ಅಧ್ಯಯನಕ್ಕೆ ಆಕರ

## ಮೌಲ್ಯಮಾಪನ

ಹಳೆಯ ಇತಿಹಾಸ ಗ್ರಂಥಗಳು ಬರ್ನೆಟ್‌ನನ್ನು ದಾರಿ ತೆರೆದ ಸಾಹಸಿಯಾಗಿ, ಸಾಲ ತೀರಿಸಿದ ಪ್ರಾಮಾಣಿಕನಾಗಿ ಚಿತ್ರಿಸಿದವು. ಇತ್ತೀಚಿನ ಅಧ್ಯಯನಗಳು ಈತನ ಕಾನೂನುಗಳಿಂದ ಹೊರಗುಳಿದವರ ಕಡೆಯಿಂದಲೂ ಈ ಬದುಕನ್ನು ನೋಡುತ್ತವೆ. ಜನರು ತಮ್ಮ ಸರ್ಕಾರವನ್ನು ತಾವೇ ರೂಪಿಸಿಕೊಳ್ಳಬೇಕೆಂದು ಆರೆಗಾನ್ ಮತ್ತು ಕ್ಯಾಲಿಫೋರ್ನಿಯ ಎರಡರಲ್ಲಿಯೂ ವಾದಿಸಿದ ಬರ್ನೆಟ್, 'ಜನರು' ಎಂಬ ಪದದ ವ್ಯಾಪ್ತಿಯನ್ನು ಬಿಳಿಯ ವಲಸಿಗರಿಗೆ ಸೀಮಿತಗೊಳಿಸಿದ್ದು ಈ ಚರ್ಚೆಯ ಕೇಂದ್ರದಲ್ಲಿದೆ.

ಬರ್ನೆಟ್‌ನ ಹೆಸರಿದ್ದ ಹಲವು ಶಾಲೆಗಳಿಗೆ 2010ರ ನಂತರ ಬೇರೆ ಹೆಸರಿಡಲಾಗಿದೆ. ಸ್ಯಾನ್ ಹೋಸೆಯ ಪೀಟರ್ ಬರ್ನೆಟ್ ಶಾಲೆ 2019ರಲ್ಲಿ ಆ ಪ್ರದೇಶದ ಮೂಲನಿವಾಸಿಗಳ ಹೆಸರಿನಲ್ಲಿ ಮುವೆಕ್ಮಾ ಓಲೋನಿ ಶಾಲೆಯಾಯಿತು. ಅದೇ ವರ್ಷದ ಜೂನ್ 18ರಂದು ಕ್ಯಾಲಿಫೋರ್ನಿಯದ ಗವರ್ನರ್ ಗ್ಯಾವಿನ್ ನ್ಯೂಸಮ್ ಮೂಲನಿವಾಸಿಗಳ ಮೇಲೆ ರಾಜ್ಯ ನಡೆಸಿದ ಹಿಂಸೆಗಾಗಿ ಅಧಿಕೃತವಾಗಿ ಕ್ಷಮೆ ಕೋರಿದರು. ಆ ಆದೇಶದಲ್ಲಿ 1851ರ ಬರ್ನೆಟ್ ಸಂದೇಶದ ಉಲ್ಲೇಖವಿದೆ.